ಉದ್ದು ತೊಳೆದವರ ಹಾಡು

ಬೆಳಕು ಹರಿಯುವ ಮೊದಲು ಹರ್ಷಿಣಿ ಮಾಡಬೇಕಾದ ಕೆಲಸಗಳು ಇವು. ರಾತ್ರಿ ನೆನೆಹಾಕಿದ ಕಪ್ಪು ಉದ್ದಿನ ಬೇಳೆಯನ್ನು ತಣ್ಣೀರಿನಲ್ಲಿ ಉಜ್ಜಿ ಸಿಪ್ಪೆ ಬಿಡಿಸುವುದು, ತೇಲಿದ ಸಿಪ್ಪೆಯನ್ನು ಬಸಿಯುವುದು, ಮತ್ತೆ ನೀರು ತುಂಬಿ ಮತ್ತೆ ಉಜ್ಜುವುದು, ಬೇಳೆ ಬೆಳ್ಳಗೆ ಕಾಣುವ ತನಕ. ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ಉಬ್ಬಿದೆಯೇ ಎಂದು ಮುಚ್ಚಳ ತೆಗೆದು ನೋಡುವುದು, ನಾಲಿಗೆಯ ತುದಿಗೆ ಇಟ್ಟು ಹುಳಿ ತಿಳಿಯುವುದು, ಉಪ್ಪು ಹಾಕಿ ಕೈಯಿಂದಲೇ ಕಲಸುವುದು. ಕಾಯಿ ತುರಿಯುವುದು, ಗಟ್ಟಿ ಚಟ್ನಿ ಬೇರೆ, ನೀರು ಚಟ್ನಿ ಬೇರೆ. ಅತ್ತೆಗೆ ಥೈರಾಯ್ಡ್ ಮಾತ್ರೆ, ಅದರ ಜೊತೆಗೆ ಬಿಸಿನೀರು. ಮಗಳ ಟಿಫಿನ್ನಿಗೆ ಪರಾಠಾ, ಯಾಕೆಂದರೆ ಇಡ್ಲಿ ಹೋಟೆಲಿನವರ ಮಗಳು ಸ್ಕೂಲಿಗೆ ಇಡ್ಲಿ ಒಯ್ಯುವುದಿಲ್ಲ. ಗಂಡನ ಸ್ವೆಟರ್ ಹುಡುಕಿ ಕುರ್ಚಿಯ ಬೆನ್ನಿಗೆ ಹಾಕಿಡುವುದು. ಹಿಟ್ಟಿನ ದೊಡ್ಡ ಪಾತ್ರೆಗಳನ್ನು ಮೆಟ್ಟಿಲ ತನಕ ಎಳೆದು ತರುವುದು. ಅಲ್ಲಿಂದ ಕೆಳಗೆ ಹೋಟೆಲಿಗೆ ಒಯ್ಯಲು ಮಾತ್ರ ಗಂಡಸರು ಬರುತ್ತಾರೆ.

ಇದರ ನಡುವೆ ಅವಳು ಹಾಡುತ್ತಿದ್ದಳು. ಅದೊಂದನ್ನು ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಡೆಲ್ಲಿಯ ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ಕೆಳಗೆ ಹೋಟೆಲು, ಮೇಲೆ ಮನೆ. ಗಂಡ ಜಯಾನಂದ ಗಲ್ಲಾದಲ್ಲಿ ಕೂರುತ್ತಾನೆ. ಅವನ ತಲೆಯ ಮೇಲೆ ಅವನಪ್ಪನ ಫೋಟೊ, ಅದಕ್ಕೆ ದಿನಾ ಹೊಸ ಚೆಂಡುಹೂವಿನ ಹಾರ. ಅಡುಗೆಗೆ ಭಟ್ಟರಿದ್ದಾರೆ, ಆದರೆ ಹಿಟ್ಟನ್ನು ಮಾತ್ರ ಭಟ್ಟರ ಕೈಗೆ ಕೊಡುವುದಿಲ್ಲ. ಅದು ಮಾವನ ಕಾಲದಿಂದ ಬಂದ ಪದ್ಧತಿ. ಸಿಪ್ಪೆ ಸಮೇತದ ಕಪ್ಪು ಉದ್ದನ್ನೇ ತರಿಸಬೇಕು, ಮನೆಯ ಹೆಂಗಸರೇ ತೊಳೆಯಬೇಕು, ಅವರೇ ರುಬ್ಬಬೇಕು, ಅವರೇ ಕಲಸಬೇಕು. ಮಿಲ್ಲಿನಲ್ಲಿ ಸಿಪ್ಪೆ ತೆಗೆದ ಬಿಳಿ ಉದ್ದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ‘ಮನೆ ಹೆಂಗಸರ ಕೈಯ ಹಿಟ್ಟು’ ಎಂದು ಮೆನು ಕಾರ್ಡಿನಲ್ಲಿ ಹಿಂದಿಯಲ್ಲಿ ಅಚ್ಚು ಹಾಕಿಸಿ ಆಗಿದೆ. ತೊಳೆಯಲು ಗೀಸರಿನ ನೀರೂ ಕೂಡದು, ರುಚಿ ಕೆಡುತ್ತದಂತೆ. ಹಾಗೆ ಹೇಳಿದ ಮಾವ ತನ್ನ ಜನ್ಮದಲ್ಲಿ ಒಂದು ಹಿಡಿ ಉದ್ದು ತೊಳೆದವರಲ್ಲ.

ಬ್ರಹ್ಮಾವರದಲ್ಲಿ ಹೆಣ್ಣು ನೋಡಲು ಬಂದಾಗ ಅತ್ತೆ ಅಮ್ಮಣ್ಣಿ ಹರ್ಷಿಣಿಯ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಶಾಖ ನೋಡಿದರು. “ಬಿಸಿ ಕೈ,” ಎಂದರು ಮಗನಿಗೆ. ಬಿಸಿ ಕೈಯವರು ಕಲಸಿದರೆ ಹಿಟ್ಟು ಬೇಗ ಉಬ್ಬುತ್ತದೆ. ಡೆಲ್ಲಿಯ ಚಳಿಗೆ ಅಂಥ ಕೈಯೇ ಬೇಕಿತ್ತು. ಹುಡುಗಿಗೆ ಗಿಟಾರ್ ಬರುತ್ತದೆ ಎಂಬುದು ಆ ದಿನದ ಮಾತಿನಲ್ಲಿ ಬರಲೇ ಇಲ್ಲ. ಪಕ್ಕದ ಮನೆಯ ಲೀನಾ ಬಾಯಿ ಇಗರ್ಜಿಯ ಹಾಡಿನ ತಂಡಕ್ಕೆ ನುಡಿಸುತ್ತಿದ್ದ ಹಳೆಯ ಗಿಟಾರ್ ಅದು. ಲೀನಾ ಬಾಯಿಯಿಂದ ಕಲಿತ ತಂತಿಯ ನಾಲ್ಕಾರು ಹಿಡಿತಗಳ ಮೇಲೆ ಹರ್ಷಿಣಿ ಗದ್ದೆಯ ನಾಟಿ ಹಾಡುಗಳನ್ನು ಕೂರಿಸಿಕೊಂಡಿದ್ದಳು. ಮದುವೆಯಾಗಿ ಹೊರಟಾಗ ಬಾಯಿ ಅದನ್ನು ಅವಳಿಗೇ ಕೊಟ್ಟರು, ಅದು ಕುಚ್ಚಲಕ್ಕಿ ಮೂಟೆಗಳ ನಡುವೆ ರೈಲು ಹತ್ತಿತು.

ಮೂಟೆಗಳ ನಡುವೆಯೇ ಉಳಿಯಿತು ಕೂಡ. ಹಿಟ್ಟಿನ ಕೋಣೆಯೆಂದರೆ ಅಡುಗೆಮನೆಗೆ ಅಂಟಿದ ಒಂದು ಗೂಡು. ಮೂರು ಗೋಡೆಗೂ ಅಕ್ಕಿ ಮೂಟೆ, ನಡುವೆ ಹಿಟ್ಟಿನ ಪಾತ್ರೆಗಳು. ಮೂಟೆಗಳು ಶಬ್ದವನ್ನು ಹೀರಿಕೊಳ್ಳುತ್ತವೆ, ದನಿ ಮಾರ್ದನಿಸುವುದಿಲ್ಲ. ಹದಿನೈದರ ಮಗಳು ಮೋನಿಷಾ ಒಮ್ಮೆ ಅಲ್ಲಿ ಫೋನಿನಲ್ಲಿ ಏನೋ ರೆಕಾರ್ಡ್ ಮಾಡಿ, “ಮಮ್ಮಿ, ಯೇ ತೋ ಸ್ಟುಡಿಯೋ ಹೈ,” ಎಂದಳು. ಹರ್ಷಿಣಿಗೆ ಅಷ್ಟು ಸಾಕಾಯಿತು.

ಅವಳ ಹಾಡುಗಳೆಲ್ಲ ಸಿಟ್ಟಿನಿಂದ ಹುಟ್ಟಿದವು. ಹೋಟೆಲಿನ ಪಾತ್ರೆ ತೊಳೆಯುವ ಫೂಲ್ವತಿಯ ಬಸ್ತಿಯ ಗುಡಿಸಲುಗಳನ್ನು ಬುಲ್ಡೋಜರ್ ಕೆಡವಿದ ದಿನ ಒಂದು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಕೆಲಸದ ಹೆಂಗಸರಿಗೂ ಕಸಕ್ಕೂ ಒಂದೇ ಲಿಫ್ಟ್, ಮಾಲೀಕರಿಗೂ ನಾಯಿಗಳಿಗೂ ಇನ್ನೊಂದು ಎಂದು ತಿಳಿದಾಗ ಒಂದು. ನವೆಂಬರಿನ ಹೊಗೆಯಲ್ಲಿ ಏರ್ ಪ್ಯೂರಿಫೈಯರ್ ಇರುವ ಕೋಣೆಯಲ್ಲಿ ಮಲಗುವವರು ಯಾರು, ಒಲೆಯ ಮುಂದೆ ನಿಲ್ಲುವವರು ಯಾರು ಎಂದು ಕೇಳುವ ಒಂದು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅತ್ತೆಯ ಮಣಿಕಟ್ಟಿನ ಮೇಲೆ ಕಟ್ಟಿದ ‘ಕಪ್ಪು ಬೇಳೆ’. ಮದುವೆಯಾದಾಗಿನಿಂದ ಬೇಳೆ ಉಜ್ಜಿ ಉಜ್ಜಿ ಅಮ್ಮಣ್ಣಿಯ ಮಣಿಕಟ್ಟು ಗಂಟು ಕಟ್ಟಿತ್ತು. ಈಗ ಲೋಟ ಹಿಡಿದರೆ ನಡುಗುತ್ತಿತ್ತು.

ಕಪ್ಪು ಬೇಳೆ ಬಿಳಿಯಾಯಿತು, ಕೈ ಮಾತ್ರ ಕಪ್ಪಾಯಿತು
ಬಿಳಿಯದೆಲ್ಲ ತಟ್ಟೆಗೆ ಹೋಯ್ತು, ಕಪ್ಪು ನನಗೆ ಉಳಿಯಿತು
ಬೋರ್ಡಿನ ಮೇಲೆ ಅಪ್ಪನ ಹೆಸರು, ಬಿಲ್ಲಿನ ಮೇಲೆ ಮಗನ ಹೆಸರು
ಅಮ್ಮನ ಹೆಸರು ಎಲ್ಲಿದೆಯೋ, ಸಿಂಕಿನ ತಳದಲಿ ಹುಡುಕಿರೋ

ರಾಗ ನಾಟಿ ಹಾಡಿನದು, ಬಾಗಿ ಬಾಗಿ ನಡೆಯುವಂಥದು. ಗಿಟಾರಿನ ತಂತಿಯನ್ನು ಅವಳು ಮೀಟುತ್ತಿರಲಿಲ್ಲ, ಹೊಡೆಯುತ್ತಿದ್ದಳು. ಬೆಳಗಿನ ಜಾವ ಉದ್ದನ್ನು ನೀರಿನಲ್ಲಿ ಬಿಟ್ಟು, ಅರ್ಧ ಗಂಟೆ ಹಿಟ್ಟಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒಂದೇ ಸಾಲನ್ನು ಹತ್ತು ಸಲ ಹಾಡಿ ಹೊರಬಂದರೆ, ಎಷ್ಟೋ ದಿನ ಉದ್ದು ತೊಳೆದು ಬೆಳ್ಳಗಾಗಿರುತ್ತಿತ್ತು. “ನಿದ್ದೆ ಬರಲಿಲ್ಲ, ತೊಳೆದೆ,” ಎನ್ನುತ್ತಿದ್ದರು ಅಮ್ಮಣ್ಣಿ. ವಯಸ್ಸಾದವರಿಗೆ ನಿದ್ದೆ ಕಡಿಮೆ. ಹರ್ಷಿಣಿ ಅದನ್ನು ನಂಬಿದಳು, ನಂಬುವುದು ಅನುಕೂಲವಾಗಿತ್ತು.

ಎಂಟು ಹಾಡಾದ ಮೇಲೆ ಮೋನಿಷಾ ಅವನ್ನು ಇಂಟರ್‌ನೆಟ್ಟಿಗೆ ಹಾಕುವುದೆಂದು ಮಾತಾಗಿತ್ತು. ಏಳು ಆಗಿದ್ದವು, ‘ಕಪ್ಪು ಬೇಳೆ’ಯ ರೆಕಾರ್ಡ್ ಉಳಿದಿತ್ತು. ಜನವರಿಯ ಒಂದು ಶನಿವಾರ ಸಂಜೆ ಮನೆಯವರೆಲ್ಲ ನೋಯ್ಡಾದಲ್ಲಿ ನೆಂಟರ ಮದುವೆಯ ಊಟಕ್ಕೆ ಹೋದರು. ಹರ್ಷಿಣಿ ತಲೆನೋವೆಂದು ಉಳಿದಳು. ಭಾನುವಾರದ ಹಿಟ್ಟು ಬೆಳಿಗ್ಗೆಯೇ ರುಬ್ಬಿ ಆಗಿತ್ತು. ಚಳಿಗಾಲದಲ್ಲಿ ಹಿಟ್ಟು ಉಬ್ಬಲೆಂದು ಆ ಕೋಣೆಯಲ್ಲಿ ಹಗಲೂ ರಾತ್ರಿ ಒಂದು ಬ್ಲೋವರ್ ಹೀಟರ್ ಓಡುತ್ತಿರುತ್ತದೆ. ಅದರ ಫ್ಯಾನಿನ ಗುಂಯ್‌ಗುಡುವಿಕೆ ಅವಳ ಫೋನಿನ ರೆಕಾರ್ಡಿನಲ್ಲಿ ಸೇರುತ್ತಿತ್ತು. ಆರಿಸಿದಳು. ‘ಕಪ್ಪು ಬೇಳೆ’ಯನ್ನು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿನ ಸಿಟ್ಟಿನಲ್ಲಿ ಹಾಡಿದಳು. ಸರಿಯಾಗಿ ಬಂತು. ಅಷ್ಟು ಸರಿಯಾಗಿ ಯಾವುದೂ ಬಂದಿರಲಿಲ್ಲ. ಆ ಖುಷಿಯಲ್ಲಿ ಹೀಟರ್ ಹಚ್ಚುವುದು ಮರೆತೇಹೋಯಿತು.

ಭಾನುವಾರ ಮುಚ್ಚಳ ತೆಗೆದರೆ ಹಿಟ್ಟು ಹೇಗೆ ಸುರಿದಿದ್ದಳೋ ಹಾಗೇ ಇತ್ತು. ಒಂದು ಗುಳ್ಳೆ ಇಲ್ಲ. ಉಪ್ಪು ಹಾಕಿ, ಸೋಡಾ ಹಾಕಿ, ತನ್ನ ಬಿಸಿ ಕೈಯಿಂದ ಎಷ್ಟು ಕಲಸಿದರೂ ಅದು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಜಯಾನಂದ ಒಂದು ಇಡ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಅದನ್ನು ಊಟದ ಮೇಜಿನ ಮೇಲೆ ಕುಕ್ಕಿದ. ಟಕ್ ಎಂದಿತು.

“ಇದರಲ್ಲಿ ಕಾಂಪೌಂಡ್ ಕಟ್ಟಬಹುದು. ಹೀಟರ್ ಆರಿಸಿದ್ದು ಯಾರು?”

“ಕರೆಂಟ್ ಹೋಗಿತ್ತೋ ಏನೋ,” ಎಂದರು ಅಮ್ಮಣ್ಣಿ.

“ಇಡೀ ಪೀತಮ್‌ಪುರದಲ್ಲಿ ಹೋಗದ ಕರೆಂಟ್ ನಮ್ಮ ಹಿಟ್ಟಿನ ಕೋಣೆಯಲ್ಲಿ ಮಾತ್ರ ಹೋಯ್ತಾ ಅಮ್ಮ?”

“ನಾನೇ ಆರಿಸಿದೆ,” ಎಂದಳು ಹರ್ಷಿಣಿ. “ಶಬ್ದ ಬರ್ತಿತ್ತು.”

“ಶಬ್ದ ಬಂದ್ರೆ? ಹಿಟ್ಟಿಗೆ ಕಿವಿ ಉಂಟಾ?”

ಮೋನಿಷಾ ಪರಾಠಾ ಬಾಯಲ್ಲಿಟ್ಟುಕೊಂಡೇ ಹೇಳಿದಳು. “ಪಪ್ಪಾ, ಮಮ್ಮಿ ಆಲ್ಬಮ್ ಮಾಡ್ತಿದ್ದಾರೆ. ಪ್ರೊಟೆಸ್ಟ್ ಸಾಂಗ್ಸ್.”

“ಪ್ರೊಟೆಸ್ಟಾ? ಯಾರ ಮೇಲೆ?”

“ಗವರ್ನಮೆಂಟ್, ಸೊಸೈಟಿ ವಗೈರಾ… ಔರ್ ಥೋಡಾ ನಿಮ್ಮ ಮೇಲೆ ಭೀ.”

ಜಯಾನಂದ ಫೋನ್ ಕೊಡು ಎಂದು ಕೈ ಚಾಚಿದ. ನಿಂತೇ ‘ಕಪ್ಪು ಬೇಳೆ’ಯನ್ನು ಪೂರ್ತಿ ಕೇಳಿದ. ಬೋರ್ಡಿನ ಸಾಲು ಬಂದಾಗ ಹುಬ್ಬು ಸ್ವಲ್ಪ ಏರಿತು. ಹರ್ಷಿಣಿ ಗೋಡೆಗೆ ಬೆನ್ನು ಕೊಟ್ಟು ಕಾದಳು. ಅವನು ಕೂಗಿದರೆ ಏನೇನು ಹೇಳಬೇಕೆಂಬುದೆಲ್ಲ ವರ್ಷಗಳಿಂದ ಅವಳ ಬಾಯಲ್ಲಿ ಸಿದ್ಧವಾಗಿತ್ತು.

“ರಾಗ ಚೆನ್ನಾಗಿದೆ,” ಎಂದ ಅವನು. ಆಮೇಲೆ, ನಿಜವಾಗಿಯೂ ಬೇಸರವಾದವನಂತೆ ಕೇಳಿದ. “ಆದ್ರೆ ನಿನಗೆ ನಾನೇನು ಕಮ್ಮಿ ಮಾಡಿದ್ದೇನೆ ಮಾರಾಯ್ತಿ?”

ಮೋನಿಷಾ ಆಲ್ಬಮ್ ಹಾಕಿದಳು. ಮುಖಪುಟಕ್ಕೆ ಸಿಂಕಿನ ಜಾಲರಿಗೆ ಅಂಟಿದ ಉದ್ದಿನ ಸಿಪ್ಪೆಯ ಫೋಟೊ. ವಾರ ಕಳೆದರೂ ಕೇಳಿದವರು ಬೆರಳೆಣಿಕೆ; ಅದರಲ್ಲಿ ಹೆಚ್ಚಿನವರು ಮೋನಿಷಾಳ ಕ್ಲಾಸಿನವರು, ಅದೂ ಅವಳ ಒತ್ತಾಯಕ್ಕೆ. ಆಗ ಜಯಾನಂದನಿಗೆ ಒಂದು ವಿಚಾರ ಹೊಳೆಯಿತು. ಹೋಟೆಲಿನ ಸ್ಪೀಕರಿನಲ್ಲಿ ಹಳೆಯ ಹಿಂದಿ ಹಾಡಿನ ಬದಲು ‘ಕಪ್ಪು ಬೇಳೆ’ ಹಾಕಿದ.

“ಅದರ ಅರ್ಥ ಗೊತ್ತಿದ್ದೂ ಹಾಕ್ತೀರಾ?” ಎಂದು ಹರ್ಷಿಣಿ ಕೇಳಿದಳು.

“ಇಲ್ಲಿ ಕನ್ನಡ ಯಾರಿಗೆ ಬರ್ತದೆ? ಬಂದವರಿಗೆ ಸೌತಿನ ಒಂದು ಪರಿಮಳ ಸಿಕ್ಕಿದ್ರೆ ಆಯ್ತು. ನಿನ್ನ ಹಾಡನ್ನು ಯಾರೂ ಕೇಳ್ತಿಲ್ಲ ಅಂತ ಮುಖ ಸಣ್ಣ ಮಾಡ್ಕೊಂಡಿದ್ದೆಯಲ್ಲ, ಈಗ ಅರ್ಧ ಡೆಲ್ಲಿ ಕೇಳ್ತದೆ.”

ಕೇಳಿತು. ಚಟ್ನಿ ಕೊಡಲು ಕೆಳಗಿಳಿದಾಗ ಅಡುಗೆಕೋಣೆಯ ಕಿಂಡಿಯಿಂದ ಹರ್ಷಿಣಿ ನೋಡುತ್ತಿದ್ದಳು. ಹಾಡು ನಡೆಯುತ್ತಿದ್ದಂತೆ ಜನ ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದರು. ಮಕ್ಕಳು ತಲೆ ತೂಗುತ್ತಿದ್ದವು. ಕೆಲವರು ದೋಸೆಯ ವಿಡಿಯೋ ಮಾಡುತ್ತಿದ್ದರು, ಅದರೊಳಗೆ ಅವಳ ದನಿಯೂ ಹೋಗುತ್ತಿತ್ತು. ಒಬ್ಬಳು ಹೆಂಗಸು ಗಲ್ಲಾದ ಹತ್ತಿರ ನಿಂತು ಕೇಳಿದಳು, “ಭಯ್ಯಾ, ಯೇ ಗಾನಾ ಕೌನ್‌ಸಾ ಹೈ? ಕಿತನಾ ಸೂದಿಂಗ್ ಹೈ.”

“ಲೋರಿ ಹೈ ಮ್ಯಾಡಮ್,” ಎಂದ ಜಯಾನಂದ. “ಹಮಾರೇ ಗಾಂವ್ ಕೀ ಲೋರಿ.”

ಅವಳ ಸಿಟ್ಟು ಹೀಗೆ ಜೋಗುಳವಾಯಿತು. ಕನ್ನಡ ಬಲ್ಲವರೂ ಬಂದರು. ಗುರುಗ್ರಾಮದ ಯಾವುದೋ ಆಫೀಸಿನ ಕಾರ್ತಿಕ್ ಎಂಬ ಹುಡುಗ ಕಿಂಡಿಯ ಹತ್ತಿರ ಬಂದು, “ಆಂಟಿ, ನೀವಾ ಹಾಡಿದ್ದು? ಲಿರಿಕ್ಸ್ ಸಖತ್ ಡಾರ್ಕ್,” ಎಂದು ಹೆಬ್ಬೆರಳು ತೋರಿಸಿದ. ತಿರುಗಿ ಹೋಗುವಾಗ ಇನ್ನೊಂದು ಕಾಫಿ ಹೇಳಿದ.

ಹಾಡನ್ನು ಸರಿಯಾಗಿ ಕೇಳಿದವಳು ಫೂಲ್ವತಿ. ಅವಳಿಗೆ ಕನ್ನಡದ ಒಂದು ಅಕ್ಷರ ಬರುವುದಿಲ್ಲ. ಹಿಂದಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತ ಅವಳು ಕೇಳಿದಳು.

“ಭಾಭೀ, ಇದು ನಿಮ್ಮ ದನಿ ಅಲ್ವಾ? ಭಯ್ಯಾ ಲೋರಿ ಅಂತಾರೆ. ಲೋರಿ ಹಾಡೋರು ಹೀಗೆ ಹಲ್ಲು ಕಚ್ಕೊಂಡು ಹಾಡ್ತಾರಾ? ಮಗು ಎದ್ದು ಓಡಿಹೋಗುತ್ತೆ.”

ಹರ್ಷಿಣಿಗೆ ನಗು ಬಂತು. ಪಕ್ಕದಲ್ಲಿ ಕೂತು ತಟ್ಟೆಗಳ ಎಂಜಲು ಬಳಿಯುತ್ತ ಒಂದೊಂದೇ ಸಾಲನ್ನು ಹಿಂದಿಯಲ್ಲಿ ಹೇಳಿದಳು. ಫೂಲ್ವತಿ ಅಳಲಿಲ್ಲ, ಹೊಗಳಲೂ ಇಲ್ಲ. ಸಿಂಕಿನ ಸಾಲಿಗೆ ಮಾತ್ರ, “ಹೌದು, ಅಲ್ಲೇ ಇರೋದು,” ಎಂದಳು. ಬಸ್ತಿ ಹೋದ ಮೇಲೆ ಅವಳು ಮನೆಗೆಲಸದ ಹೆಂಗಸರ ಒಂದು ಸಂಘಟನೆಗೆ ಸೇರಿದ್ದಳು. ಬರುವ ಭಾನುವಾರ ಜಂತರ್ ಮಂತರ್‌ನಲ್ಲಿ ಅವರ ಧರಣಿ. “ಬನ್ನಿ. ಹಿಂದಿಯಲ್ಲಿ ಹಾಡಿ. ನಮ್ಮಲ್ಲಿ ಭಾಷಣ ಮಾಡೋರು ಬಹಳ, ಹಾಡೋರಿಲ್ಲ. ಬೆಳಿಗ್ಗೆಯೇ ಬಸ್ಸು, ನಿಮಗೊಂದು ಜಾಗ ಇಡ್ತೀನಿ.”

ಆ ವಾರ ಹರ್ಷಿಣಿ ಹಾಡನ್ನು ಹಿಂದಿಗೆ ತಿರುಗಿಸಿದಳು. ಸಿಟ್ಟನ್ನು ಸಿಟ್ಟೆಂದೇ ಕೇಳಿಸಿಕೊಳ್ಳುವ ಜನ ಕೊನೆಗೂ ಸಿಕ್ಕಿದ್ದರು. ಅದೊಂದನ್ನು ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ.

ಗಂಡನನ್ನು ಕೇಳಿದಾಗ ಅವನು ಫೋನಿನಿಂದ ಕಣ್ಣು ಎತ್ತಲಿಲ್ಲ. “ಭಾನುವಾರವೇ ಆಗ್ಬೇಕಾ? ಚಲೋ, ಹೋಗು. ಬೇಡ ಅನ್ನುವ ಗಂಡಸು ನಾನಲ್ಲ. ಹಿಟ್ಟಿಗೆ ಅಮ್ಮ ಇದ್ದಾರಲ್ಲ.”

ಮರುದಿನ ಮಧ್ಯಾಹ್ನ ಬಾಲ್ಕನಿಯ ಬಿಸಿಲಿನಲ್ಲಿ ಅಮ್ಮಣ್ಣಿ ಬಟಾಣಿ ಸುಲಿಯುತ್ತ ಕೂತಿದ್ದರು. ಆ ಹೊತ್ತಿಗೆ ಅವರು ಹೋಟೆಲಿಗೆ ಇಳಿದು ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುವುದು ರೂಢಿ. ಡೆಲ್ಲಿಯಲ್ಲಿ ಅವರು ಹೋಗುವ ಜಾಗವೆಂದರೆ ಅದೊಂದೇ.

“ಕೆಳಗೆ ಹೋಗ್ಲಿಲ್ವಾ ಅತ್ತೆ?”

“ಇಲ್ಲ.”

“ಭಾನುವಾರ ನಿಮ್ಗೆ ಕಷ್ಟ ಆಗುತ್ತೆ. ಆದ್ರೆ ಆ ಹಾಡು ನಿಮ್ಮದೇ ಅತ್ತೆ. ನಿಮ್ಮ ಕೈ ಮೇಲೇ ಕಟ್ಟಿದ್ದು.”

“ಗೊತ್ತುಂಟು. ನನ್ನ ಕೆಪ್ಪಿ ಅಂತ ತಿಳಿದಿದ್ದೀಯಾ?” ಅಮ್ಮಣ್ಣಿ ಒಂದು ಕಾಯಿ ಸುಲಿದು ಮುಗಿಸಿದರು. “ಅಮ್ಮನ್ನ ಸಿಂಕಿನಲ್ಲಿ ಹುಡುಕಿ ಅಂತ ಆ ಕೋಣೆಯೊಳಗೆ ನೀನು ಹಾಡ್ತಿದ್ದೆಯಲ್ಲ, ಈಚೆ ಸಿಂಕಿನ ಹತ್ರ ನಾನೇ ನಿಂತಿದ್ದೆ. ನಿನ್ನ ಪಾಲಿನ ಉದ್ದು ತೊಳೀತಾ.”

“ನಿದ್ದೆ ಬರಲ್ಲ ಅಂತಿದ್ರಿ.”

“ಬರ್ತದೆ ಮಾರಾಯ್ತಿ. ಈ ಚಳಿಗೆ ಎಲ್ಲರಿಗಿಂತ ಹೆಚ್ಚು ನನಗೇ ಬರ್ತದೆ.”

“ಮತ್ತೆ ಯಾಕೆ ಎದ್ರಿ? ನನ್ನನ್ನ ಕರೀಬಹುದಿತ್ತು.”

“ಕರೆದ್ರೆ ನೀನು ಹಾಡು ಬಿಟ್ಟು ಬರ್ತಿದ್ದೆ. ತೊಳೀದೆ ಬಿಟ್ರೆ ರುಬ್ಬೋದು ತಡ, ಅವನು ಕೂಗ್ತಾನೆ. ಒಬ್ಬಳಾದ್ರೂ ಏನಾದ್ರೂ ಮಾಡ್ಲಿ ಅಂತ ಮಾಡಿದೆ. ಅದನ್ನು ದೊಡ್ಡದು ಮಾಡ್ಬೇಡ.” ಸಿಪ್ಪೆಗಳನ್ನು ಸೆರಗಿನಿಂದ ಕೊಡವಿದರು. “ಆದ್ರೆ ಈಗ ಅದು ಕೆಳಗೆ ಬೆಳಿಗ್ಗೆಯಿಂದ ರಾತ್ರಿ ತನಕ ಹಾಡ್ತದೆ. ನನ್ನ ಕೈ ನೋವು ಕೇಳ್ತಾ ಜನ ವಡೆ ತಿಂತಾರೆ. ಭಟ್ಟರಿಗೆಲ್ಲ ಕನ್ನಡ ಬರ್ತದೆ, ನಾನು ಹೋಗಿ ಕೂತ್ರೆ ಎಲ್ರೂ ನನ್ನ ಕೈಯನ್ನೇ ನೋಡ್ತಾರೆ. ನನಗೆ ನಾಚಿಕೆ ಆಗ್ತದೆ. ನೀನು ಭಾನುವಾರ ಹೋಗು, ಹಾಡು. ನಾನು ನೋಡ್ಕೊಳ್ತೇನೆ. ನನ್ನನ್ನ ಕೇಳಿ ಕಟ್ಟಿದ್ದಲ್ಲವಲ್ಲ ನೀನು, ಈಗ ಯಾಕೆ ಕೇಳ್ತಿ?”

ಅಂದೇ ಸಂಜೆ ಹರ್ಷಿಣಿ ಗಲ್ಲಾದ ಮುಂದೆ ನಿಂತು ಆ ಹಾಡು ಹಾಕಬೇಡಿ ಎಂದಳು. ಜಯಾನಂದ ನಕ್ಕ. “ಬಂದವರು ಅದನ್ನೇ ಕೇಳ್ತಾರೆ. ನಿನ್ನದೇ ಹಾಡು, ನಿನಗೇ ಬೇಡವಾ?” ಅವನ ಹಿಂದೆ ಸ್ಪೀಕರಿನಲ್ಲಿ ಅದು ಮೂರನೆಯ ಚರಣಕ್ಕೆ ಬಂದಿತ್ತು.

ಭಾನುವಾರ ಕತ್ತಲಿರುವಾಗಲೇ ಅವಳು ಎದ್ದಳು. ಕಿಟಕಿಯಾಚೆ ಮಂಜು, ಎದುರಿನ ಮನೆಯ ದೀಪವೂ ಕಾಣುತ್ತಿರಲಿಲ್ಲ. ಸ್ಟೀಲಿನ ಬೋಗುಣಿಯಲ್ಲಿ ಉದ್ದು ಕಪ್ಪಗೆ ನೆನೆದು ನಿಂತಿತ್ತು. ಫೋನಿನಲ್ಲಿ ಫೂಲ್ವತಿಯ ದನಿ ಬಂದು ಬಿದ್ದಿತ್ತು. “ಭಾಭೀ, ಮೈಕ್ ಸಿಕ್ಕಿದೆ. ಶಾಲು ತನ್ನಿ, ಬಸ್ಸಿನ ಕಿಟಕಿಗೆ ಗಾಜಿಲ್ಲ.” ಹಿಂದಿನಿಂದ ಹೆಂಗಸರ ನಗು, ಯಾರೋ ಯಾರನ್ನೋ ಬೈಯುವುದು, ಮಗುವಿನ ಕೆಮ್ಮು. ಅವಳು ಅದನ್ನು ಮತ್ತೆ ಮತ್ತೆ ಕೇಳಿದಳು.

ಅಡುಗೆಮನೆಯ ಮಧ್ಯೆ ನಿಂತು ಲೆಕ್ಕ ಹಾಕಿದಳು. ಬಸ್ಸು ಹೊರಡುವ ಮೊದಲು ಇಷ್ಟು ಉದ್ದು ತೊಳೆದು ರುಬ್ಬಿ ಮುಗಿಯುವುದಿಲ್ಲ. ಹೋದರೆ, ಮಣಿಕಟ್ಟಿನ ಹಾಡನ್ನು ಅವಳು ಮೈಕಿನಲ್ಲಿ ಹಾಡುವ ದಿನ ಆ ಮಣಿಕಟ್ಟು ಈ ನೀರಿನಲ್ಲಿ ಇರುತ್ತದೆ. ಬೇರೆ ಯಾವ ಹಾಡು ಹಾಡಿದರೂ ಅಷ್ಟೇ. ಹೋಗದಿದ್ದರೆ, ಅದನ್ನು ಕೇಳಬೇಕಾದವರು ಕೇಳುವುದಿಲ್ಲ, ಕೆಳಗೆ ವಡೆ ತಿನ್ನುವವರು ಮಾತ್ರ ಕೇಳುತ್ತಾರೆ. ಗಂಡನನ್ನು ಎಬ್ಬಿಸಿ ಉದ್ದಿನ ಬೋಗುಣಿ ಅವನ ಮುಂದೆ ಇಡುವ ಯೋಚನೆಯೂ ಬಂತು. ಅವನು ಕೂಗುವುದಿಲ್ಲ. ನಗುತ್ತಾನೆ, ಅಮ್ಮನನ್ನು ಕರೆಯುತ್ತಾನೆ, ಅಮ್ಮ ಎದ್ದು ಬರುತ್ತಾರೆ. ಯಾವ ಕಡೆಯಿಂದ ಹೊರಟರೂ ದಾರಿ ಆ ಮುದುಕಿಯ ಕೈಗೇ ಹೋಗಿ ಮುಟ್ಟುತ್ತಿತ್ತು.

ಮೋನಿಷಾ ಹಾಡುಗಳ ಪುಟವನ್ನು ಅಮ್ಮನ ಫೋನಿನಲ್ಲೂ ತೆರೆದಿಟ್ಟಿದ್ದಳು. ಜಯಾನಂದ ಹೋಟೆಲಿನಲ್ಲಿ ಹಾಡನ್ನು ಹಾಕುತ್ತಿದ್ದುದು ಅಲ್ಲಿಂದಲೇ. ಹರ್ಷಿಣಿ ಪಟ್ಟಿಯಲ್ಲಿ ಬೆರಳಾಡಿಸಿದಳು. ಏಳು ಹಾಡುಗಳು ಇದ್ದಲ್ಲೇ ಇರಲಿ, ಅವನ್ನು ಹೇಗೂ ಯಾರೂ ಕೇಳುತ್ತಿಲ್ಲ. ‘ಕಪ್ಪು ಬೇಳೆ’ಯ ಮೇಲೆ ಬೆರಳು ಒತ್ತಿ ಹಿಡಿದಳು. ಖಂಡಿತವಾಗಿ ಅಳಿಸಬೇಕೇ ಎಂದು ಕೇಳಿತು. ಒತ್ತಿದಳು. ಆಮೇಲೆ ಆ ಶನಿವಾರದ ಮೂಲ ರೆಕಾರ್ಡನ್ನು ಹುಡುಕಿದಳು, ಒಂದೇ ಉಸಿರಿನಲ್ಲಿ ಸರಿಯಾಗಿ ಬಂದ ಅದನ್ನು. ಅದನ್ನೂ ಅಳಿಸಿದಳು. ಇನ್ನು ಆ ದನಿ ಎಲ್ಲಾದರೂ ಇದ್ದರೆ ಅಪರಿಚಿತರ ಫೋನುಗಳಲ್ಲಿ, ದೋಸೆಯ ವಿಡಿಯೋಗಳ ಅಡಿಯಲ್ಲಿ, ತುಂಡು ತುಂಡಾಗಿ.

ಫೂಲ್ವತಿಗೆ, ‘ನಾನು ಬರುವುದಿಲ್ಲ, ಜಾಗ ಬೇರೆಯವರಿಗೆ ಕೊಡಿ,’ ಎಂದು ಬರೆದಳು. ಕಾರಣ ಬರೆಯಲು ಹೊರಟು ಬಿಟ್ಟಳು.

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಅಮ್ಮಣ್ಣಿ ಎದ್ದು ಚಪ್ಪಲಿ ಹುಡುಕುತ್ತಿರುವ ಸದ್ದು, ಆಮೇಲೆ ಗೋಡೆ ಹಿಡಿದು ನಡೆದು ಬರುವ ಸದ್ದು. ಹರ್ಷಿಣಿ ಉದ್ದಿನ ಬೋಗುಣಿಯನ್ನು ಸಿಂಕಿಗೆ ಎತ್ತಿಟ್ಟು, ಹೋಗಿ ಅಡುಗೆಮನೆಯ ಬಾಗಿಲನ್ನು ಮುಚ್ಚಿದಳು. ಒಳಗಿನಿಂದ ಚಿಲಕ ಹಾಕಿದಳು.